ಗುರುತಿಲ್ಲದವರ ಜೊತೆ ಗೊತ್ತುಗುರಿ ಇಲ್ಲದ ಮಾತು: ನಿಮಗೂ ಇಷ್ಟವಾ?

ಬೆಳಗಿನ ಗಾಡಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಸಹಿಸಿಕೊಳ್ಳಿ.

ಮೊನ್ನೆ ನಮ್ಮ ಬೋಗಿಯಲ್ಲಿ ಮಾತು ಹೇಗೆ ಹೋಯಿತು ನೋಡಿ. ಕ್ಯಾತ್ಸಂದ್ರದಲ್ಲಿ ಹತ್ತಿದ ಒಬ್ಬರು ಕಿಟಕಿ ಶಟರ್ ಎತ್ತಲು ಒದ್ದಾಡುತ್ತಿದ್ದರು. ತುಕ್ಕು ಹಿಡಿದಿತ್ತು. ಎದುರಿಗಿದ್ದ ಯಜಮಾನರು "ಎಣ್ಣೆ ಕಾಣದ ಕಬ್ಬಿಣ ಸ್ವಾಮಿ, ಹಂಗೇ ಅದು" ಎಂದರು. ಅಷ್ಟೇ ಸಾಕಾಯಿತು. ಹಿರೇಹಳ್ಳಿ ಬರುವ ಹೊತ್ತಿಗೆ ಮಾತು ಕಬ್ಬಿಣದ ದೋಸೆ ಹೆಂಚಿಗೆ ಬಂದಿತ್ತು. ಹೊಸ ಹೆಂಚು ಪಳಗಿಸುವುದಕ್ಕೆ ಗಂಜಿ ಹಾಕಿಡಬೇಕೋ, ಈರುಳ್ಳಿಗೆ ಎಣ್ಣೆ ಅದ್ದಿ ಉಜ್ಜಬೇಕೋ ಎಂದು ದಾಬಸ್‌ಪೇಟೆಯಲ್ಲಿ ಎರಡು ಪಕ್ಷ. ನಿಡವಂದದಲ್ಲಿ ಈರುಳ್ಳಿ ರೇಟು. ಮುದ್ದಲಿಂಗನಹಳ್ಳಿಯಲ್ಲಿ ಯಾವುದೋ ಎಕ್ಸ್‌ಪ್ರೆಸ್ ಬಿಡಲು ಗಾಡಿ ನಿಂತಿತು. ಅಷ್ಟರಲ್ಲಿ ಈರುಳ್ಳಿಯಿಂದ ಕಣ್ಣೀರು, ಕಣ್ಣೀರಿನಿಂದ ಕಣ್ಣಿನ ಪೊರೆ ಆಪರೇಷನ್. ಮೂಲೆಯಲ್ಲಿ ಕೂತಿದ್ದ ತಾತ "ಆಪರೇಷನ್ ಆದ್ಮೇಲೆ ಹೆಂಡ್ತಿ ಮುಖ ನೋಡ್ದೆ, ಎಷ್ಟು ವಯಸ್ಸಾಗೋಗಿದೆ ಪಾಪ" ಎಂದರು. ಇಡೀ ಬೋಗಿ ನಕ್ಕಿತು. ಗೊಲ್ಲಹಳ್ಳಿ, ಸೋಲದೇವನಹಳ್ಳಿ ದಾಟುವಷ್ಟರಲ್ಲಿ ತಾತ ತಮ್ಮ ಮದುವೆ ದಿನ ಬೀಗರಿಗೂ ಅಡುಗೆಯವರಿಗೂ ಆದ ಜಗಳ ಶುರು ಮಾಡಿದ್ದರು. ಯಶವಂತಪುರ ಬಂತು. ಎಲ್ಲರೂ ಎದ್ದರು. ಜಗಳ ಹೇಗೆ ಮುಗಿಯಿತು ಎಂದು ಇವತ್ತಿಗೂ ಗೊತ್ತಿಲ್ಲ. ತಾತನ ಹೆಸರೂ ಗೊತ್ತಿಲ್ಲ.

ಇಳಿಯುವಾಗ ಪಕ್ಕದಲ್ಲಿದ್ದ ಹುಡುಗ ಕೇಳಿದ. "ಅಂಕಲ್, ಶಟರಿಂದ ಶುರು ಮಾಡಿ ಮದುವೆಗೆ ಬಂದ್ರಲ್ಲ, ಇದರಿಂದ ಏನು ಸಿಗುತ್ತೆ?" ಸೊಕ್ಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಉತ್ತರ ಹೊಳೆಯಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಏನು ಸಿಗುತ್ತದೆ?

ಸುಮ್ನೆ ಓದೋನು

ಮೊದಲು ಹೆಂಚಿನ ವಿಷಯ ಇತ್ಯರ್ಥ ಆಗಲಿ. ಗಂಜಿಯೋ, ಈರುಳ್ಳಿಯೋ?

ಕೋಲಾರದ ಸೊಸೆ

ನಿಮ್ಮದು ಏನೂ ಅಲ್ಲ ಅಣ್ಣಾ. ಒಂದು ಸಲ ಮಾರಿಕುಪ್ಪಂ ಗಾಡಿಯ ಲೇಡೀಸ್ ಬೋಗಿಗೆ ಹತ್ತಿ ನೋಡಿ (ಹತ್ತಿದರೆ ಬೈಸಿಕೊಳ್ಳುತ್ತೀರಿ, ಆ ಮಾತು ಬೇರೆ). ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆಮೇಲೆ ಆ ಊರಿನ ಎಷ್ಟೋ ಮನೆಯವರಿಗೆ ಬೆಂಗಳೂರಿನ ಕೆಲಸವೇ ಗತಿ, ಈ ಗಾಡಿಯೇ ದಾರಿ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಹತ್ತಿಸಿಕೊಳ್ಳುತ್ತಾ ಬಂದು ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಒಬ್ಬಳು ಹುರುಳಿಕಾಯಿ ನಾರು ಬಿಡಿಸುತ್ತಾಳೆ, ಒಬ್ಬಳು ಹೂವು ಕಟ್ಟುತ್ತಾಳೆ, ಒಬ್ಬಳು ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಾಳೆ.

ನಾನು ಮದುವೆಯಾಗಿ ಈ ಕಡೆಗೆ ಬಂದ ಹೊಸದರಲ್ಲಿ ಯಾರ ಪರಿಚಯವೂ ಇರಲಿಲ್ಲ. ನಮ್ಮತ್ತೆಯ ಬಗ್ಗೆ ಮೊದಲು ಬಾಯಿ ಬಿಟ್ಟದ್ದು ಟೇಕಲ್ ಮತ್ತು ಮಾಲೂರಿನ ನಡುವೆ, ಹೂವು ಕಟ್ಟುತ್ತಿದ್ದ ಒಬ್ಬ ಅಕ್ಕನ ಹತ್ತಿರ. ಆಕೆ ತಮಿಳು ಬೆರೆಸಿ ಮಾತಾಡುತ್ತಾರೆ, ನಾನು ತೆಲುಗು ಬೆರೆಸಿ. ನಡುವೆ ಕನ್ನಡ. ಆಕೆ ನನಗೆ ಬುದ್ಧಿ ಹೇಳಲಿಲ್ಲ. ತಮ್ಮ ಅತ್ತೆ ಉಪ್ಪಿನ ಡಬ್ಬಿಗೆ ಬೀಗ ಹಾಕುತ್ತಿದ್ದ ಕಥೆ ಹೇಳಿದರು. ನನ್ನ ಅಮ್ಮನಿಗೆ ಫೋನ್ ಮಾಡಿದ್ದರೆ ಅಳುತ್ತಿದ್ದರು, ಒಡಹುಟ್ಟಿದ ಅಕ್ಕನಿಗೆ ಮಾಡಿದ್ದರೆ ಊರೆಲ್ಲ ಗೊತ್ತಾಗುತ್ತಿತ್ತು.

ಇಯರ್‌ಫೋನ್ ಹುಡುಗ

ಆ ರೈಲಿನ ಹುಡುಗ ನಾನಲ್ಲ, ಆದರೆ ನಾನೂ ಆಗಿರಬಹುದಿತ್ತು. ಅವನ ಪರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಫೀಸಿನಲ್ಲಿ ಇಡೀ ದಿನ ಮೀಟಿಂಗ್. ಮನೆಯಲ್ಲಿ ಮಾತು. ನಡುವೆ ಸಿಗುವ ಎರಡು ಗಂಟೆ ಮಾತ್ರ ನನ್ನದು. ಅದನ್ನು ದೋಸೆ ಹೆಂಚಿಗೆ ಕೊಡಬೇಕಾ? ಅದೂ ಬಿಡಿ. "ಗೊತ್ತುಗುರಿ ಇಲ್ಲದ ಮಾತು" ಎಂದು ಶುರುವಾಗುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಗೊತ್ತಲ್ಲ? ಯಾವೂರು? ಏನು ಕೆಲಸ? ಸಂಬಳ ಎಷ್ಟು ಬರುತ್ತೆ? ಮದುವೆ ಆಯ್ತಾ? ಯಾಕಾಗಿಲ್ಲ? ಕೊನೆಗೆ ದನಿ ತಗ್ಗಿಸಿ, "ನೀವು ಯಾವ ಪೈಕಿ?" ಇದು ಹರಟೆಯಾ, ವಿಚಾರಣೆಯಾ? ಇಯರ್‌ಫೋನ್‌ನಲ್ಲಿ ಹಾಡು ಬರುತ್ತಿರಬೇಕೆಂದೇನೂ ಇಲ್ಲ. ಎಷ್ಟೋ ದಿನ ಸುಮ್ನೆ ಕಿವಿಗೆ ಸಿಕ್ಕಿಸಿಕೊಂಡಿರುತ್ತೇನೆ, ಯಾರೂ ಕೇಳದಿರಲಿ ಎಂದು.

ಬೆಳಗಿನ ಗಾಡಿ (ತುಮಕೂರು)

ಯಾವ ಪೈಕಿ ಎಂದು ಕೇಳುವವರ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು. ನಮ್ಮ ಬೋಗಿಯಲ್ಲೂ ಒಬ್ಬರಿದ್ದಾರೆ. ಅವರು ಬಂದು ಕೂತರೆ ಹೆಂಚು, ಶಟರ್ ಎಲ್ಲ ನಿಂತುಹೋಗುತ್ತದೆ. ಆದರೆ ಅವರದು ಹರಟೆ ಅಲ್ಲ ಅಲ್ವಾ? ಅವರಿಗೆ ನಮ್ಮಿಂದ ಒಂದು ಉತ್ತರ ಬೇಕಿದೆ. ತಾತನಿಗೆ ಏನೂ ಬೇಕಿರಲಿಲ್ಲ.

ಮಾಲೂರು ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, ಸಮಯ ಜಾಸ್ತಿ ಇದೆ. ಇದರ ಬಗ್ಗೆ ಪ್ರಯೋಗವನ್ನೇ ಮಾಡಿದ್ದಾರೆ, ಹೇಳಿಬಿಡುತ್ತೇನೆ.

ಅಮೆರಿಕದ ಶಿಕಾಗೋದಲ್ಲಿ ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬ ಇಬ್ಬರು ಸಂಶೋಧಕರು. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವವರನ್ನು ಹಿಡಿದು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಕ್ಕದಲ್ಲಿರುವ ಅಪರಿಚಿತರ ಜೊತೆ ಮಾತಾಡಿ ಎಂದರು. ಇನ್ನೊಂದಕ್ಕೆ ಸುಮ್ಮನೆ ಒಬ್ಬರೇ ಕೂತಿರಿ ಎಂದರು. ಮೂರನೆಯದಕ್ಕೆ ದಿನಾ ಹೇಗೆ ಹೋಗುತ್ತೀರೋ ಹಾಗೇ ಹೋಗಿ ಎಂದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತಾಡಿದವರಿಗೇ ಪ್ರಯಾಣ ಜಾಸ್ತಿ ಹಿತವಾಗಿತ್ತು. ತಮಾಷೆ ಅಂದರೆ, ಹೀಗೆ ಮಾಡಿದರೆ ನಿಮಗೆ ಹೇಗನ್ನಿಸುತ್ತದೆ ಎಂದು ಬೇರೆಯವರನ್ನು ಮೊದಲೇ ಊಹಿಸಲು ಹೇಳಿದಾಗ, ಅವರು ಉಲ್ಟಾ ಹೇಳಿದ್ದರು. ಒಬ್ಬರೇ ಕೂತರೇ ಚೆಂದ ಎಂದು. ಅಂದರೆ ಎದುರಿನವರಿಗೆ ನನ್ನ ಮಾತು ಬೇಡವೇನೋ ಎಂದು ನಾನು, ನನಗೆ ಬೇಡವೇನೋ ಎಂದು ಅವರು, ಇಬ್ಬರೂ ಕಿಟಕಿ ನೋಡುತ್ತಾ ಕೂರುತ್ತೇವೆ.

ಸೊಸೆಮ್ಮ ಹೇಳಿದ್ದಕ್ಕೂ ಹಳೆಯ ಸಾಕ್ಷಿ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮ್ಮೆಲ್ 1908ರಲ್ಲೇ ಬರೆದಿದ್ದ, ಹತ್ತಿರದವರಿಂದ ಮುಚ್ಚಿಡುವ ಮಾತನ್ನು ಜನ ಹೊರಗಿನಿಂದ ಬಂದು ಹೋಗುವವನ ಹತ್ತಿರ ಬಿಚ್ಚಿಡುತ್ತಾರೆ ಎಂದು.

ಇಯರ್‌ಫೋನ್ ಹುಡುಗ

ಮೇಷ್ಟ್ರೇ, ಶಿಕಾಗೋದಲ್ಲಿ ಯಾರೂ "ಸ್ವಂತ ಮನೆನಾ, ಬಾಡಿಗೆನಾ" ಎಂದು ಕೇಳಿರುವುದಿಲ್ಲ. ಅಲ್ಲಿನ ರೈಲಿನಲ್ಲಿ ಮಾತಿಗೆ ಬರ, ಅದಕ್ಕೆ ಹಿತವಾಗಿದೆ. ನಮ್ಮಲ್ಲಿ ನೆರೆ. ಇದೇ ಪ್ರಯೋಗವನ್ನು ನಮ್ಮ ಗಾಡಿಯಲ್ಲಿ ಮಾಡಲಿ, ನೋಡೋಣ.

ಮಾಲೂರು ಮೇಷ್ಟ್ರು

ಒಳ್ಳೆಯ ಆಕ್ಷೇಪಣೆ. ನೀವು ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ಮುಂದಿನ ಬೆಂಚಿಗೆ ಕರೆಯುತ್ತಿದ್ದೆ.

ತಿಪಟೂರು ಕೊಬ್ಬರಿ

ಏನು ಸಿಗುತ್ತೆ ಎಂದು ಕೇಳಿದಿರಲ್ಲ, ನಾನು ಹೇಳುತ್ತೇನೆ. ದುಡ್ಡು ಸಿಗುತ್ತದೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವರು ವರ್ಷವೇ ಇಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಯಾವಾಗ ಇಳಿಸಬೇಕು, ಯಾವಾಗ ತಡೆದು ನೋಡಬೇಕು ಎನ್ನುವುದೇ ವ್ಯಾಪಾರ. ಈ ಸುದ್ದಿ ಪೇಪರಿನಲ್ಲಿ ಬರುವ ಮೊದಲು ಟೀ ಅಂಗಡಿಯಲ್ಲಿ ಬಂದಿರುತ್ತದೆ. ಗುರುತು ಪರಿಚಯ ಇಲ್ಲದ ಲಾರಿ ಡ್ರೈವರ್ ಒಬ್ಬ ಬೀಡಿ ಹಚ್ಚಿಕೊಂಡು "ಉತ್ತರದ ಕಡೆ ಮಾಲು ಎಳೀತಾ ಇದೆ ಸಾವ್ಕಾರ್ರೇ" ಎಂದದ್ದರಿಂದ ನಾನು ಎರಡು ವಾರ ತಡೆದೆ. ಲಾಭ ಆಯಿತು. ಹಾಗಾಗಿ ಸುಮ್ನೆ ಮಾತು ಎನ್ನುವುದು ಯಾವುದೂ ಇಲ್ಲ ಕಣ್ರೀ.

ಮಾಲೂರು ಮೇಷ್ಟ್ರು

ಇದಕ್ಕೂ ಒಂದು ಅಧ್ಯಯನ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಎನ್ನುವವರು 1973ರಲ್ಲಿ ತೋರಿಸಿದ್ದು. ಹೊಸ ಕೆಲಸದ ಸುದ್ದಿ ಆಪ್ತ ಸ್ನೇಹಿತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಜಾಸ್ತಿ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಮಗೂ ಮೊದಲೇ ಗೊತ್ತಿರುತ್ತದಲ್ಲ.

ಸುಮ್ನೆ ಓದೋನು

ಮೇಷ್ಟ್ರ ಹತ್ತಿರ ಹೆಂಚಿಗೂ ಅಧ್ಯಯನ ಇರಬೇಕು.

ಬೆಳಗಿನ ಗಾಡಿ (ತುಮಕೂರು)

ಕೊಬ್ಬರಿ ಸಾವ್ಕಾರ್ರೇ, ನಿಮ್ಮ ಡ್ರೈವರಣ್ಣನ ಮಾತು ನೂರರಲ್ಲಿ ಒಂದು. ಉಳಿದ ತೊಂಬತ್ತೊಂಬತ್ತು ಮಾತು ಏನಾಡಿದ? ಅದನ್ನು ನೀವು ಯಾಕೆ ಕೇಳಿಸಿಕೊಂಡಿರಿ? ಲಾಭ ಬಂದದ್ದು ಆಮೇಲೆ. ಟೀ ಅಂಗಡಿಯಲ್ಲಿ ಕೂತದ್ದು ಲಾಭಕ್ಕಲ್ಲ.

ತಿಪಟೂರು ಕೊಬ್ಬರಿ

ಉಳಿದದ್ದು ಅವನ ನಾಯಿ ಲಾರಿ ಹಿಂದೆ ಮೈಲಿಗಟ್ಟಲೆ ಓಡಿಬಂದ ಕಥೆ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಕೊನೆಗೆ ಅದನ್ನು ಕ್ಯಾಬಿನ್‌ನಲ್ಲಿ ಹಾಕಿಕೊಂಡು ಹೋದನಂತೆ. ಈಗ ಅದು ಸೀಟ್ ಬಿಟ್ಟುಕೊಡುವುದಿಲ್ಲವಂತೆ, ಕ್ಲೀನರ್ ಕೆಳಗೆ ಕೂರುತ್ತಾನೆ.

ಹಳ್ಳಿಕಾರ್ ಜೋಡಿ

ವ್ಯಾಪಾರ ಬೇರೆ, ಹರಟೆ ಬೇರೆ ಎಂದು ಜಗಳ ಆಡುತ್ತಿದ್ದೀರಿ. ಎರಡೂ ಒಟ್ಟಿಗೆ, ಬೇರೆ ಬೇರೆಯಾಗಿ ನಡೆಯುವುದನ್ನು ನೋಡಬೇಕಾದರೆ ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ದನಗಳ ಜಾತ್ರೆಗೆ ಬನ್ನಿ.

ನಮ್ಮ ತಂದೆ ಎತ್ತು ಕೊಳ್ಳುವಾಗ ಚಿಕ್ಕವನಾಗಿದ್ದ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ವಯಸ್ಸು ತಿಳಿಯಲು ಮೊದಲು ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲು ಬಂದು ಬಾಯಿಗೂಡಿದೆಯೋ. ಆಮೇಲೆ ಮೈಮೇಲಿನ ಕೂದಲಿನ ಸುಳಿ. ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾರೆ. ಬೆಲೆಯ ಮಾತು ಬಂದಾಗ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕುತ್ತಾನೆ. ಅದರ ಅಡಿಯಲ್ಲಿ ನಮ್ಮ ತಂದೆಯ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಹೇಗೆ ಒತ್ತಿದ ಎನ್ನುವುದೇ ರೇಟು. ಸುತ್ತ ನಿಂತವರಿಗೆ ಏನೂ ಕಾಣಿಸುವುದಿಲ್ಲ. ಬಾಯಿ ಮಾತ್ರ ಎಲ್ಲೆಲ್ಲೋ ಓಡುತ್ತಿರುತ್ತದೆ. "ಹೋದ ವರ್ಷ ಹುರುಳಿ ಏನು ಬಂತು ಗೌಡ್ರೇ?" "ಎಲ್ಲಿ ಬಂತು, ಹೂವಿನಲ್ಲೇ ಮಳೆ ಹೊಡೀತು." "ನಿಮ್ಮೂರ ಕೆರೆಗೆ ನೀರು ಬಂತಾ?" ಟವೆಲ್ ಒಳಗೆ ಜಟಾಪಟಿ, ಮುಖದ ಮೇಲೆ ನಗು. ಬೆರಳು ಬಿಟ್ಟರೆ ವ್ಯಾಪಾರ ಮುರಿಯಿತು ಅಂತ. ಆದರೆ ಮಾತು ನಿಲ್ಲುತ್ತಿರಲಿಲ್ಲ. ಎತ್ತು ಕೊಳ್ಳದೆ ಅದೇ ದಲ್ಲಾಳಿ ಜೊತೆ ಕೂತು ಕಳ್ಳೇಪುರಿ ತಿನ್ನುತ್ತಾ ಕತ್ತಲಾಗುವವರೆಗೂ ಹುರುಳಿ ಬಗ್ಗೆಯೇ ಮಾತಾಡಿದ್ದನ್ನು ನೋಡಿದ್ದೇನೆ. ಆ ಮನುಷ್ಯ ಯಾವ ಊರಿನವನು ಎಂದು ಬರುವಾಗ ಕೇಳಿದೆ. "ಯಾವನಿಗ್ ಗೊತ್ತು" ಎಂದರು ನಮ್ಮಪ್ಪ.

ಕೋಲಾರದ ಸೊಸೆ

ಅಯ್ಯೋ ಎಷ್ಟು ಚೆನ್ನಾಗಿ ಬರೆದಿದ್ದೀರಿ. ಹುರುಳಿ ಅಂದ ತಕ್ಷಣ ಬಸ್ಸಾರು ನೆನಪಾಯಿತು. ಇವತ್ತು ರಾತ್ರಿ ಅದೇ.

ಮಧುಗಿರಿ ಬೆಟ್ಟ

ಹುರುಳಿ ಬಸ್ಸಾರಿಗೆ ಕೋಲಾರದವರು ಟೊಮೇಟೊ ಹಾಕುತ್ತಾರಂತೆ, ನಿಜವಾ? ಕೇಳಿ ಹೊಟ್ಟೆ ಉರಿಯಿತು.

ಕೋಲಾರದ ಸೊಸೆ

ನಮ್ಮ ಊರಿನಲ್ಲಿ ಬೆಳೆಯುವುದೇ ಅದು. ಕೋಲಾರದ ಟೊಮೇಟೊ ಮಾರ್ಕೆಟ್ ಎಷ್ಟು ದೊಡ್ಡದು ನೋಡಿದ್ದೀರಾ? ಕ್ರೇಟು ಜೋಡಿಸಿದ್ದು ನೋಡಲು ಕತ್ತು ಎತ್ತಬೇಕು. ರೇಟು ಬಿದ್ದರೆ ರಸ್ತೆಗೆ ಸುರಿಯುತ್ತಾರೆ, ಸಾರಿಗೆ ಹಾಕಿದರೆ ನಿಮಗೇನು ಕಷ್ಟ?

ಮಧುಗಿರಿ ಬೆಟ್ಟ

ಹುಣಸೆಹಣ್ಣು ಎನ್ನುವ ಒಂದು ಪದಾರ್ಥ ದೇವರು ಯಾಕೆ ಕೊಟ್ಟ?

ಇಯರ್‌ಫೋನ್ ಹುಡುಗ

ನೋಡಿ, ಇದನ್ನೇ ನಾನು ಹೇಳಿದ್ದು. ಕೇಳಿದ ಪ್ರಶ್ನೆ ಒಂದು, ಈಗ ನಾವು ಬಸ್ಸಾರಿನಲ್ಲಿದ್ದೇವೆ.

ಗೌರಿಬಿದನೂರು ಗೌರಿ

ನಾನು ಒಂದು ಬೇರೆ ಮಾತು ಹೇಳಬೇಕು. ಗಂಡಸರು ಸಲೀಸಾಗಿ ಹೇಳುತ್ತೀರಿ, ಅಪರಿಚಿತರ ಜೊತೆ ಮಾತಾಡಿದರೆ ಎಷ್ಟು ಚೆಂದ ಎಂದು. ಹೆಣ್ಣುಮಕ್ಕಳಿಗೆ ಮೊದಲು ಲೆಕ್ಕ ಹಾಕಬೇಕಾಗುತ್ತದೆ. ಇವನು ಸುಮ್ನೆ ಮಾತಾಡುತ್ತಿದ್ದಾನಾ, ನಾಳೆ ಇದೇ ಸ್ಟಾಪಿನಲ್ಲಿ ಕಾಯುತ್ತಾನಾ? ನಕ್ಕರೆ ತಪ್ಪು ತಿಳಿಯುತ್ತಾನಾ? ಅಷ್ಟು ಲೆಕ್ಕ ಹಾಕಿದ ಮೇಲೆ ಹರಟೆಯ ರುಚಿಯೇ ಹೋಗಿರುತ್ತದೆ. ಇಯರ್‌ಫೋನ್ ತಮ್ಮ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಹಾಡಿಲ್ಲದ ಇಯರ್‌ಫೋನ್ ಹಾಕಿಕೊಂಡವಳೇ.

ಆದರೆ ಒಂದು ರಾತ್ರಿ ಮರೆಯುವುದಿಲ್ಲ. ನಮ್ಮ ತಂದೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್. ಐಸಿಯು ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು. ಪಕ್ಕದಲ್ಲಿ ಪಾವಗಡದ ಕಡೆಯ ಒಬ್ಬ ಅಮ್ಮ. ಮಗ ಒಳಗಿದ್ದ. ಬೆಳಿಗ್ಗೆಯಿಂದ ನಮ್ಮ ನೆಂಟರೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು, ಡಾಕ್ಟರ್ ಏನಂದ್ರು, ಡಾಕ್ಟರ್ ಏನಂದ್ರು. ಈ ಅಮ್ಮ ಮಾತ್ರ ಅದನ್ನು ಕೇಳಲೇ ಇಲ್ಲ. ನನ್ನ ಕಡೆ ತಿರುಗಿ, "ನಿಮ್ ಕಡೆ ಹಿತಕಿದ ಬೇಳೆಗೆ ತೆಂಗಿನಕಾಯಿ ರುಬ್ಬಿ ಹಾಕ್ತೀರಾ, ಹಂಗೇ ಹುಳಿ ಮಾಡ್ತೀರಾ?" ಎಂದರು. ಆಮೇಲೆ ಅವರೆಕಾಯಿಯ ಸೊಗಡು. ಆಮೇಲೆ ಅವರ ಊರಿನ ಬಿಸಿಲು. ತಿರುಮಣಿ ಕಡೆ 13,000 ಎಕರೆಗೆ ಸೋಲಾರ್ ಹಲಗೆ ಹಾಸಿದ್ದಾರಲ್ಲ, ಅದರ ಮಗ್ಗುಲಲ್ಲೇ ಅವರ ತಂಗಿಯ ಊರಂತೆ. "ಮೊದಲು ಬಿಸಿಲಿಗೆ ಬೈತಿದ್ವಿ, ಈಗ ಬಿಸಿಲಿಗೇ ಬಾಡಿಗೆ ಬತ್ತದೆ" ಎಂದು ನಕ್ಕರು. ಐಸಿಯು ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಸುಮ್ಮನಾಗುತ್ತಿದ್ದೆವು. ಮುಚ್ಚಿದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು. ಬೆಳಗ್ಗೆ ಅವರ ಮಗನನ್ನು ವಾರ್ಡಿಗೆ ಕಳಿಸಿದರು. ಹೋಗುವಾಗ ತಮ್ಮ ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ನನ್ನ ಲೋಟಕ್ಕೆ ಬಗ್ಗಿಸಿ ಹೋದರು.

ಹಳ್ಳಿಕಾರ್ ಜೋಡಿ

ನಿಮ್ಮ ತಂದೆ ಈಗ ಹೇಗಿದ್ದಾರಮ್ಮ?

ಗೌರಿಬಿದನೂರು ಗೌರಿ

ಚೆನ್ನಾಗಿದ್ದಾರೆ ಅಣ್ಣಾ. ಡಾಕ್ಟರ್ ಉಪ್ಪು ಕಮ್ಮಿ ಮಾಡಿ ಎಂದಿದ್ದಾರೆ. ಇವರು ಊಟಕ್ಕೆ ಮುಂಚೆ ಪಕ್ಕದ ಮನೆಗೆ ಹೋಗಿ ಉಪ್ಪಿನಕಾಯಿ ತಿಂದು ಬರುತ್ತಾರೆ.

ಚಿಂತಾಮಣಿ ಚಿಂತೆ

ಗೌರಿಯವರು ಹೇಳಿದ್ದರಲ್ಲಿ ಒಂದು ವಿಷಯ ನನಗೆ ಹಿಡಿಸಿತು. ಆ ಅಮ್ಮ ಎದ್ದು ಹೋದರು. ಮಾತು ಮುಗಿಯಿತು. ಯಾರೂ ಮುಗಿಸಬೇಕಾಗಿ ಬರಲಿಲ್ಲ.

ಮೇಷ್ಟ್ರಿಗೆ ಪೈಪೋಟಿಯಾಗಿ ನಾನೂ ಒಂದು ಅಧ್ಯಯನ ಹೇಳುತ್ತೇನೆ. ಹಾರ್ವರ್ಡ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ್ದು. ಇಬ್ಬರನ್ನು ಕೂರಿಸಿ ಎಷ್ಟು ಹೊತ್ತು ಬೇಕೋ ಅಷ್ಟು ಮಾತಾಡಿ ಎಂದು ಬಿಟ್ಟರು. ಆಮೇಲೆ ಬೇರೆ ಬೇರೆಯಾಗಿ ಕೇಳಿದರು, ನಿಮಗೆ ಯಾವಾಗ ಸಾಕು ಎನ್ನಿಸಿತು ಎಂದು. ಇಬ್ಬರಿಗೂ ಬೇಕೆನಿಸಿದ ಹೊತ್ತಿಗೆ ಮುಗಿದ ಮಾತು ನೂರಕ್ಕೆ 2ರಷ್ಟು ಮಾತ್ರ. ಮಿಕ್ಕ ಕಡೆ ಒಬ್ಬರಿಗಾದರೂ ಜಾಸ್ತಿಯಾಗಿತ್ತು ಇಲ್ಲ ಕಮ್ಮಿಯಾಗಿತ್ತು. ಸಾಕು ಎಂದು ಬಾಯಿಬಿಟ್ಟು ಹೇಳಲು ಇಬ್ಬರಿಗೂ ಸಂಕೋಚ.

ನೆಂಟರ ಮನೆಯಿಂದ ಹೊರಡುವುದನ್ನು ನೆನೆಸಿಕೊಳ್ಳಿ. "ಬರ್ತೀವಿ" ಎಂದು ಎದ್ದು, ಬಾಗಿಲಲ್ಲಿ ನಿಂತು, ಗೇಟಿನಲ್ಲಿ ನಿಂತು, ಬೈಕಿನ ಮೇಲೆ ಕೂತು ಇನ್ನೊಂದು ಗಂಟೆ. ರೈಲಿನಲ್ಲಿ ಆ ಕಷ್ಟ ಇಲ್ಲ. ಯಶವಂತಪುರ ಬಂದರೆ ತಾತ ಇಳಿಯಲೇಬೇಕು, ಬೀಗರ ಜಗಳ ಮುಗಿದಿರಲಿ ಬಿಡಲಿ. ಮುಗಿಯುತ್ತದೆ ಎಂದು ಗೊತ್ತಿರುವುದರಿಂದಲೇ ಅಷ್ಟು ಧಾರಾಳವಾಗಿ ಮಾತಾಡುತ್ತೇವೆ ಎಂದು ನನ್ನ ಲೆಕ್ಕ. ನಾಳೆ ಇವರಿಗೆ ಫೋನ್ ಮಾಡಬೇಕಿಲ್ಲ, ಮನೆ ಗೃಹಪ್ರವೇಶಕ್ಕೆ ಕರೆಯಬೇಕಿಲ್ಲ, ಹೇಳಿದ ಮಾತನ್ನು ಇನ್ನೊಂದು ದಿನ ಎತ್ತಿ ಆಡುತ್ತಾರೆ ಎನ್ನುವ ಭಯ ಇಲ್ಲ.

ಬೆಳಗಿನ ಗಾಡಿ (ತುಮಕೂರು)

ಆ ಹುಡುಗನಿಗೆ ಹೇಳಲು ನನಗೆ ಬೇಕಾಗಿದ್ದದ್ದು ಇದೇ. ನಾಳೆ ಸಿಕ್ಕರೆ ಹೇಳುತ್ತೇನೆ.

ಇಯರ್‌ಫೋನ್ ಹುಡುಗ

ನಾಳೆಯೂ ಅದೇ ಹುಡುಗ, ಅದೇ ತಾತ, ಅದೇ ಬೋಗಿ. ಅಂದಮೇಲೆ ಅಪರಿಚಿತರು ಹೇಗಾಗುತ್ತಾರೆ ಸಾರ್? ಚಿಂತಾಮಣಿಯವರ ಲೆಕ್ಕ ಆಸ್ಪತ್ರೆಗೆ ಸರಿ, ಪಾಸ್ ಇಟ್ಟುಕೊಂಡವರ ರೈಲಿಗೆ ಸರಿಹೋಗುವುದಿಲ್ಲ.

ಚಿಂತಾಮಣಿ ಚಿಂತೆ

ಹೆಸರು ಕೇಳುವವರೆಗೂ ಅಪರಿಚಿತರೇ. ಹೆಸರು ಕೇಳಿದಿರೋ, ಮಗಳ ಮದುವೆ ಕಾರ್ಡು ಬರುತ್ತದೆ.

ಶಿಡ್ಲಘಟ್ಟ ಗೂಡು

ತಡವಾಗಿ ಬಂದೆ, ಕ್ಷಮಿಸಿ. ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು, ಗೂಡು ಕಟ್ಟಲಿ ಎಂದು ಚಂದ್ರಿಕೆಗೆ (ಬಿದಿರಿನ ತಟ್ಟಿಗೆ) ಬಿಡುವ ಕೆಲಸ. ಆ ಎರಡು ದಿನ ಊಟ ನಿದ್ದೆ ಏನೂ ಇಲ್ಲ.

ನಮ್ಮದು ಕಾಯುವ ಕಸುಬು. ಹುಳ ಕಾಯಬೇಕು, ಸೊಪ್ಪು ಕಾಯಬೇಕು, ಕೊನೆಗೆ ಗೂಡಿನ ಮಾರ್ಕೆಟ್‌ನಲ್ಲಿ ಹರಾಜಿಗೆ ಕಾಯಬೇಕು. ಜಾಲರಿಗೆ ಗೂಡು ಸುರಿದು, ಪಕ್ಕದ ಲಾಟಿನವರು ಯಾರೋ ಏನೋ, ಅವರ ಜೊತೆ ಮಾತು. ಒಂದು ಸಲ ಗೌರಿಬಿದನೂರು ಕಡೆಯವರೊಬ್ಬರು ಸಿಕ್ಕಿದ್ದರು. ಅವರ ಹೊಲದ ಹತ್ತಿರ ಸಾಲುಸಾಲು ಕಂಬ, ತಂತಿ ಇದೆಯಂತೆ. ಏನಪ್ಪಾ ಅದು, ಕರೆಂಟಿನದಾ ಎಂದರೆ, ಇಲ್ಲ, ಆಕಾಶದಿಂದ ಬರುವ ರೇಡಿಯೋ ಕೇಳುವುದಕ್ಕೆ ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮಗಳು ಹುಡುಕಿ ತೋರಿಸಿದಳು, ನಿಜ. 1976ರಿಂದ ಅಲ್ಲಿ ರೇಡಿಯೋ ದೂರದರ್ಶಕ ಇದೆ. ಸೂರ್ಯನಿಂದ ಬರುವ ಅಲೆಗಳನ್ನು ಹಿಡಿಯುತ್ತಾರೆ. ಮಗಳು ಈಗ ಫಿಸಿಕ್ಸ್ ಓದುತ್ತೇನೆ ಎಂದು ಕೂತಿದ್ದಾಳೆ. ಗೂಡಿನ ರೇಟು ಅವತ್ತು ಎಷ್ಟಿತ್ತು ಮರೆತುಹೋಗಿದೆ.

ಮಾಲೂರು ಮೇಷ್ಟ್ರು

ಓದಿಸಿ. ಖಂಡಿತ ಓದಿಸಿ. ಪುಸ್ತಕ ಏನಾದರೂ ಬೇಕಿದ್ದರೆ ನನ್ನನ್ನು ಕೇಳಿ.

ಗುಬ್ಬಿ ತೋಟ

ಹೆಂಚಿನ ವಿಷಯ ಯಾರೂ ಮುಗಿಸಲಿಲ್ಲವಲ್ಲ. ನಮ್ಮದು ಹೋಟೆಲ್ ಮನೆತನ, ನಾನು ಹೇಳುತ್ತೇನೆ. ಗಂಜಿ, ಅಕ್ಕಿ ತೊಳೆದ ನೀರು, ಇವೆಲ್ಲ ಹೊಸ ಹೆಂಚಿನ ಕೊಳೆ ಬಿಡಿಸುವುದಕ್ಕೆ. ಪಳಗಿಸುವುದು ಎಣ್ಣೆ. ತೆಳ್ಳಗೆ ಸವರಿ ಹೊಗೆ ಬರುವವರೆಗೂ ಕಾಯಿಸಬೇಕು, ಆರಿಸಬೇಕು, ಮತ್ತೆ ಸವರಬೇಕು. ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಆ ಕಪ್ಪು ಪದರದ ಮೇಲೆ ದೋಸೆ ಏಳುತ್ತದೆ. ಈರುಳ್ಳಿ ಬರೀ ಎಣ್ಣೆ ಸವರುವುದಕ್ಕೆ ಇರುವ ಹಿಡಿ. ಅರ್ಧ ಆಲೂಗಡ್ಡೆಯಲ್ಲೂ ಮಾಡಬಹುದು. ಆ ಪದರ ಏಳುವ ಹಾಗೆ ಉಜ್ಜಿದಿರೋ, ಮೊದಲಿಂದ ಶುರು.

ಸುಮ್ನೆ ಓದೋನು

ಧನ್ಯವಾದ. ನಾನು ಬಂದದ್ದು ಇದಕ್ಕೇ. ಬರುತ್ತೇನೆ.

ಸುಮ್ನೆ ಓದೋನು

ಅಂದಹಾಗೆ ಗುಬ್ಬಿಯವರೇ, ನಿಮ್ಮ ಪಕ್ಕದ ಚೇಳೂರಿನ ಕೆಂಪು ತೊಳೆ ಹಲಸು ಸಿಗುವುದು ಯಾವ ತಿಂಗಳು?

ಗುಬ್ಬಿ ತೋಟ

ಹೊರಡುತ್ತೇನೆ ಎಂದವರು ಬಾಗಿಲಲ್ಲಿ ನಿಂತಿದ್ದೀರಿ! ಬೇಸಿಗೆ ಕೊನೆಯಿಂದ ಮಳೆಗಾಲದ ಶುರುವಿನವರೆಗೆ. "ಸಿದ್ದು" ಹಲಸು ಎಂದು ಹೆಸರಾಗಿದೆಯಲ್ಲ, ಅದು ಚೇಳೂರಿನ ಒಂದು ತೋಟದ ಮರದಿಂದಲೇ ಬಂದದ್ದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಗುರುತಿಸಿ ಕಸಿ ಗಿಡ ಮಾಡಿಸಿದರು. ಹಣ್ಣು ಸಣ್ಣದು, ತೊಳೆ ತಾಮ್ರದ ಬಣ್ಣ. ಒಂದು ಮನೆಯವರು ಕೂತರೆ ಒಂದೇ ಸಲಕ್ಕೆ ಖಾಲಿ ಮಾಡಬಹುದು, ದೊಡ್ಡ ಹಲಸು ಕೊಯ್ದು ಬೀದಿಗೆಲ್ಲ ಹಂಚುವ ತಾಪತ್ರಯ ಇಲ್ಲ.

ಹಳ್ಳಿಕಾರ್ ಜೋಡಿ

ಹಂಚುವುದು ತಾಪತ್ರಯ ಹೇಗಾಗುತ್ತದೆ ಸ್ವಾಮಿ? ಹಲಸು ಕೊಯ್ಯುವುದೇ ಬೀದಿಯವರು ಬಂದು ಕೂರಲಿ ಎಂದು.

ಮಧುಗಿರಿ ಬೆಟ್ಟ

ಬೀಜ ಬಿಸಾಕಬೇಡಿ, ಹುರುಳಿ ಬಸ್ಸಾರಿಗೆ ಹಾಕಿ. ಹುಣಸೆಹುಳಿ ಹಾಕಿದ ಬಸ್ಸಾರಿಗೆ.

ಕೋಲಾರದ ಸೊಸೆ

ಹಲಸಿನ ಬೀಜ ಹಾಕಿದರೆ ಟೊಮೇಟೊನೇ ಸರಿ. ಹುಣಸೆ ಹಾಕಿದರೆ ಬೀಜ ಬೇಯುವುದಿಲ್ಲ, ಕಲ್ಲಾಗಿ ಕೂರುತ್ತದೆ.

ಮಧುಗಿರಿ ಬೆಟ್ಟ

ಬೀಜ ಬೆಂದ ಮೇಲೆ ತಾನೇ ಹುಳಿ ಹಾಕುವುದು? ಯಾರಮ್ಮ ನಿಮಗೆ ಅಡುಗೆ ಕಲಿಸಿದ್ದು?

ಕೋಲಾರದ ಸೊಸೆ

ನಮ್ಮತ್ತೆ.